ಆರು ವರ್ಷ ಒಂದೇ, ದಾರಿ ಎರಡು

ಸಿಇಟಿ ಫಲಿತಾಂಶ ಬಂದು ಕೋರ್ಸುಗಳ ಆಯ್ಕೆಪಟ್ಟಿ ತುಂಬುವ ದಿನ ಹತ್ತಿರವಾದಂತೆ ಶಿವಾಜಿನಗರ, ಹಲಸೂರಿನ ಹಲವು ಮನೆಗಳಲ್ಲಿ ಒಂದೇ ಚರ್ಚೆ. ವೈದ್ಯಕೀಯ ಸೀಟು ಸಿಗುವಂತಿಲ್ಲ. 'ಫಾರ್ಮಕಾಲಜಿ ಓದುತ್ತೇನೆ' ಎನ್ನುತ್ತಾಳೆ ಮಗಳು. 'ಹಾಗಾದರೆ ಫಾರ್ಮ್.ಡಿ.ಗೇ ಸೇರು, ಅದರಲ್ಲಿ ಡಾಕ್ಟರ್ ಅಂತ ಇದೆಯಲ್ಲ' ಎನ್ನುತ್ತಾರೆ ತಂದೆ. ಹೆಸರು ನೋಡಿ ಕೋರ್ಸ್ ಆರಿಸುವ ತಪ್ಪು ಆಗುವುದು ಇಲ್ಲಿಯೇ.

ಮೊದಲು ಪದಗಳ ಅರ್ಥ ತಿಳಿಯೋಣ. ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಮಾತ್ರೆಯನ್ನು ತಯಾರಿಸುವುದು, ಗುಣಮಟ್ಟ ಪರೀಕ್ಷಿಸುವುದು, ವಿತರಿಸುವುದು ಫಾರ್ಮಸಿ. ಅದು ದೇಹದಲ್ಲಿ ಏನು ಮಾಡುತ್ತದೆ, ಪ್ರಮಾಣ ಮೀರಿದರೆ ಯಕೃತ್ತಿಗೆ ಏಕೆ ಹಾನಿ ಎಂಬ ಅಧ್ಯಯನವೇ ಫಾರ್ಮಕಾಲಜಿ, ಅಂದರೆ ಔಷಧಶಾಸ್ತ್ರ.

ಪಿಯುಸಿ ನಂತರ ಇದಕ್ಕೆ ಹೆಚ್ಚಿನವರು ಹಿಡಿಯುವ ದಾರಿ ಎರಡು. ನಾಲ್ಕು ವರ್ಷ ಬಿ.ಫಾರ್ಮ್ ಮುಗಿಸಿ, ಎರಡು ವರ್ಷ ಎಂ.ಫಾರ್ಮ್‌ನಲ್ಲಿ ಫಾರ್ಮಕಾಲಜಿ ಓದುವುದು ಒಂದು. 2008ರಲ್ಲಿ ನಮ್ಮ ದೇಶದಲ್ಲಿ ಆರಂಭವಾದ ಫಾರ್ಮ್.ಡಿ. ಇನ್ನೊಂದು: ಐದು ವರ್ಷ ಪಾಠ, ಒಂದು ವರ್ಷ ಆಸ್ಪತ್ರೆಯಲ್ಲಿ ತರಬೇತಿ. ಎರಡೂ ಆರೇ ವರ್ಷ. ಕೇಳಬೇಕಾದ ಪ್ರಶ್ನೆಯೆಂದರೆ, ಏಳನೆಯ ವರ್ಷ ಎಲ್ಲಿ ನಿಂತು ಕೆಲಸ ಮಾಡಬೇಕೆಂಬ ಆಸೆ?

ಬೌರಿಂಗ್‌ನಂತಹ ದೊಡ್ಡ ಆಸ್ಪತ್ರೆಯ ವಾರ್ಡನ್ನು ನೆನಪಿಸಿಕೊಳ್ಳಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದ್ರೋಗ ಮೂರಕ್ಕೂ ಮಾತ್ರೆ ತಿನ್ನುವ ವೃದ್ಧರೊಬ್ಬರಿದ್ದಾರೆ. ಒಂದು ಔಷಧ ಇನ್ನೊಂದಕ್ಕೆ ಅಡ್ಡಿಯಾಗುತ್ತಿದೆಯೇ ಎಂದು ನೋಡಿ ವೈದ್ಯರಿಗೆ ತಿಳಿಸುವುದು ಫಾರ್ಮ್.ಡಿ. ಕಲಿಸುವ ಕೆಲಸ. ತರಬೇತಿಯಲ್ಲಿ ಆರು ತಿಂಗಳು ಸಾಮಾನ್ಯ ವೈದ್ಯಕೀಯ ವಿಭಾಗದಲ್ಲಿ, ಉಳಿದ ಆರು ತಿಂಗಳು ಬೇರೆ ಮೂರು ವಿಭಾಗಗಳಲ್ಲಿ ತಲಾ ಎರಡು ತಿಂಗಳು. ಆದರೆ ಹೆಸರಿನಲ್ಲಿ ಡಾಕ್ಟರ್ ಇದ್ದ ಮಾತ್ರಕ್ಕೆ ಎಂಬಿಬಿಎಸ್ ಪಡೆದವರಂತೆ ಚಿಕಿತ್ಸೆ ನೀಡುವ ಹಕ್ಕು ಬರುವುದಿಲ್ಲ. ಇದನ್ನು ಸೇರುವ ಮೊದಲೇ ಮನೆಮಂದಿಗೆಲ್ಲ ತಿಳಿಸಬೇಕು.

ಎಂ.ಫಾರ್ಮ್ ಫಾರ್ಮಕಾಲಜಿ ಪ್ರಯೋಗಾಲಯದ ದಾರಿ. ಎರಡನೆಯ ವರ್ಷದ ಬಹುಪಾಲು ಸಂಶೋಧನೆಗೇ ಮೀಸಲು. ಇಲಿಗಳ ಮೇಲೆ ಪ್ರಯೋಗ ಮಾಡಬೇಕಾಗಬಹುದು. ಅದಕ್ಕೆ ಸಮಿತಿಯ ಅನುಮತಿ ಬೇಕು. ಮನಸ್ಸು ಒಪ್ಪದವರು ಮೊದಲೇ ಯೋಚಿಸಬೇಕು. ಜಿ-ಪ್ಯಾಟ್ ಅರ್ಹತೆ ಪಡೆದವರಿಗೆ ತಿಂಗಳಿಗೆ 12,400 ರೂಪಾಯಿಗಳ ವಿದ್ಯಾರ್ಥಿವೇತನದ ಅವಕಾಶವಿದೆ.

ಹಣದ ಲೆಕ್ಕವೂ ಮುಖ್ಯ. ಬಿ.ಫಾರ್ಮ್ ದಾರಿಯಲ್ಲಿ ನಾಲ್ಕು ವರ್ಷಕ್ಕೆ ಒಂದು ತಂಗುದಾಣವಿದೆ. ಮನೆಯ ಪರಿಸ್ಥಿತಿ ಬಿಗಿಯಾದರೆ ಫಾರ್ಮಸಿಸ್ಟ್ ಆಗಿ ನೋಂದಾಯಿಸಿ, ಎರಡು ವರ್ಷ ದುಡಿದು ಮತ್ತೆ ಓದಬಹುದು. ಆಗ ಆಸ್ಪತ್ರೆಯ ಕಡೆಗೆ ಮನಸ್ಸಾದರೆ, ಮೂರು ವರ್ಷದ ಫಾರ್ಮ್.ಡಿ.ಗೂ ಸೇರಬಹುದು, ಒಟ್ಟು ಏಳು ವರ್ಷವಾಗುತ್ತದೆ. ನೇರ ಫಾರ್ಮ್.ಡಿ. ಸೇರಿದವರು ನಡುವೆ ನಿಂತರೆ ಕೈಯಲ್ಲಿ ಪದವಿ ಉಳಿಯುವುದಿಲ್ಲ. ಆದ್ದರಿಂದ ವಾರ್ಡಿನ ಕೆಲಸವೇ ಬೇಕೆಂದು ಗಟ್ಟಿ ಮಾಡಿಕೊಂಡವರಿಗೆ ಫಾರ್ಮ್.ಡಿ.; ಇನ್ನೂ ತೀರ್ಮಾನವಾಗದವರಿಗೆ ಬಿ.ಫಾರ್ಮ್ ಕ್ಷೇಮ.

ಬಿ.ಎಸ್ಸಿ. ಮುಗಿಸಿದವರಿಗೆ ವೈದ್ಯಕೀಯ ಕಾಲೇಜುಗಳ ಮೂರು ವರ್ಷದ ಎಂ.ಎಸ್ಸಿ. ಫಾರ್ಮಕಾಲಜಿಯೂ ಇದೆ. ಇದರ ಜೊತೆ ಪಿಎಚ್.ಡಿ. ಪಡೆದವರನ್ನು ಆ ವಿಭಾಗದಲ್ಲಿ ಅಧ್ಯಾಪಕರಾಗಿ ನೇಮಿಸಲು 2025ರ ನಿಯಮ ಅವಕಾಶ ನೀಡಿದೆ. ಆದರೆ ಇದರಿಂದ ಫಾರ್ಮಸಿಸ್ಟ್ ನೋಂದಣಿ ಸಿಗದು.

ವಿದೇಶದ ಕನಸಿರುವವರು ಹೆಸರುಗಳ ಗೊಂದಲಕ್ಕೆ ಬೀಳಬಾರದು. ಬ್ರಿಟನ್ನಿನಲ್ಲಿ ಎಂ.ಫಾರ್ಮ್ ಎಂದರೆ ಶಾಲೆ ಮುಗಿಸಿದವರು ನೇರ ಸೇರುವ ನಾಲ್ಕು ವರ್ಷದ ಪದವಿ. ಫಾರ್ಮಸಿಸ್ಟ್ ಆಗಲು ಅದೇ ಬೇಕು. ಅಲ್ಲಿನ ಎಂ.ಸೈ. ಫಾರ್ಮಕಾಲಜಿ ಸಂಶೋಧನೆಗೆ ಒಳ್ಳೆಯದು, ಫಾರ್ಮಸಿಸ್ಟ್ ವೃತ್ತಿಗೆ ಸಾಲದು.

ಕಾಲೇಜು ಆರಿಸುವಾಗ ದೂರವನ್ನಷ್ಟೇ ಅಳೆಯಬೇಡಿ. ಕೆ.ಆರ್. ಪುರದಾಚೆ ಬಿದರಹಳ್ಳಿಯಲ್ಲೂ ಫಾರ್ಮಸಿ ಕಾಲೇಜಿದೆ, ಸುಬ್ಬಯ್ಯ ವೃತ್ತದ ಬಳಿ ಸರ್ಕಾರಿ ಕಾಲೇಜಿದೆ. ಎಲ್ಲಿಗೇ ಹೋದರೂ ಎರಡು ಪ್ರಶ್ನೆ ಕೇಳಿ: ಸೇರಲಿರುವ ಕೋರ್ಸಿಗೇ ಭಾರತೀಯ ಫಾರ್ಮಸಿ ಪರಿಷತ್ತಿನ ಮಾನ್ಯತೆ ಇದೆಯೇ? ಫಾರ್ಮ್.ಡಿ. ಆದರೆ, ಕನಿಷ್ಠ 300 ಹಾಸಿಗೆಗಳ ಯಾವ ಆಸ್ಪತ್ರೆಯಲ್ಲಿ ತರಬೇತಿ? ಉತ್ತರ ಕಾಗದದ ಮೇಲೆ ಸಿಗುವವರೆಗೆ ಶುಲ್ಕ ಕಟ್ಟುವ ಆತುರ ಬೇಡ.