ಸಹಿ ಹಾಕಿಸಿಕೊಂಡರೆ ಹೊಣೆ ಮುಗಿಯಿತೆ?

ಮಾನಸಿಕ ರೋಗಿಗಳ ವಾರ್ಡಿನಲ್ಲಿ ಕೆಲಸ ಮಾಡುವ ಯಾರನ್ನೇ ಕೇಳಿ, ‘ಬರೆದುಕೊಟ್ಟು ಹೋದರು’ ಎಂಬ ಮಾತು ಅವರಿಗೆ ಹೊಸದಲ್ಲ. ಇನ್ನಷ್ಟು ದಿನ ಇರಬೇಕೆಂದು ವೈದ್ಯರು ಹೇಳುತ್ತಾರೆ. ರೋಗಿ ಒಪ್ಪುವುದಿಲ್ಲ, ಎಷ್ಟೋ ಸಲ ಮನೆಯವರೂ ಒಪ್ಪುವುದಿಲ್ಲ. ಮುಂದಿನ ಆಗುಹೋಗುಗಳಿಗೆ ತಾವೇ ಜವಾಬ್ದಾರರೆಂದು ಕೇಸ್‌ಶೀಟಿನಲ್ಲಿ ಬರೆಸಿಕೊಂಡು, ಸಹಿ ಹಾಕಿಸಿಕೊಂಡು ಕಳಿಸಿಬಿಡುತ್ತಾರೆ.

ಹೀಗೆ ಹೋಗುವವರನ್ನು ಹಠಮಾರಿಗಳು, ತಿಳಿವಳಿಕೆ ಇಲ್ಲದವರು ಎಂದು ದೂರುವುದು ಸುಲಭ. ಅವರ ಪಕ್ಕ ಕೂತು ಕೇಳಿದರೆ ಕಾರಣ ಬೇರೆಯೇ ಇರುತ್ತದೆ. ಸ್ಕಿಜೋಫ್ರೇನಿಯಾದಂಥ ಕಾಯಿಲೆಯಲ್ಲಿ ಮಾತ್ರೆ ಶುರುವಾದ ಕೆಲವೇ ದಿನಗಳಲ್ಲಿ ನಿದ್ದೆ ಬರುತ್ತದೆ, ಕೂಗಾಟ ತಗ್ಗುತ್ತದೆ. ಆದರೆ ಸಂಶಯಗಳು, ಕಿವಿಯಲ್ಲಿ ಕೇಳುವ ದನಿಗಳು ಹತೋಟಿಗೆ ಬರಲು ವಾರಗಳೇ ಬೇಕು. ಜೊತೆಗಿರುವ ಅಣ್ಣನಿಗೆ ಕಾಣುವುದು ಮೊದಲನೆಯದು ಮಾತ್ರ. ‘ಊಟ ಮಾಡ್ತಾನೆ, ನಿದ್ದೆ ಮಾಡ್ತಾನೆ, ಇನ್ನೇನು ಸಾರ್, ಕಳಿಸಿಕೊಡಿ’ ಎನ್ನುತ್ತಾನೆ. ಊರಲ್ಲಿ ಅವನ ಕೊಯ್ಲು ನಿಂತಿದೆ, ದಿನದ ಕೂಲಿ ಹೋಗುತ್ತಿದೆ. ಇತ್ತ ರೋಗಿಗೆ ಮಾತ್ರೆಯಿಂದ ಕೈ ನಡುಕ, ಜೊಲ್ಲು, ಕೂತಲ್ಲಿ ಕೂರಲಾಗದ ಚಡಪಡಿಕೆ. ಪ್ರಮಾಣ ಇಳಿಸಿಯೋ ಮಾತ್ರೆ ಬದಲಿಸಿಯೋ ಬಹುಪಾಲು ಸರಿಪಡಿಸಬಹುದಾದ ತೊಂದರೆಗಳಿವು. ಅದನ್ನು ಯಾರೂ ಬಿಡಿಸಿ ಹೇಳದಿದ್ದಾಗ ಆಸ್ಪತ್ರೆಯ ಮೇಲಿನ ನಂಬಿಕೆಯೇ ಹೋಗುತ್ತದೆ.

ಹಾಗಾದರೆ ಬಲವಂತವಾಗಿ ಹಿಡಿದಿಡಬೇಕೆ? ಬೇಡ. 2018ರ ಮೇ 29ರಂದು ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ತಾನಾಗಿಯೇ ದಾಖಲಾದ ವಯಸ್ಕ ರೋಗಿ ಹೋಗುತ್ತೇನೆ ಎಂದರೆ ಬಿಡಬೇಕು. ತನಗೋ ಇನ್ನೊಬ್ಬರಿಗೋ ಅಪಾಯ ತಂದೊಡ್ಡುವ ಲಕ್ಷಣಗಳಂಥ ಕಾರಣವಿದ್ದರೆ ಪರೀಕ್ಷೆಗಾಗಿ 24 ಗಂಟೆ ತಡೆಯಬಹುದು. ಆಮೇಲೂ ಇರಿಸಿಕೊಳ್ಳಬೇಕಾದರೆ ರೋಗಿಯ ನಾಮನಿರ್ದೇಶಿತ ಪ್ರತಿನಿಧಿಯ ಅರ್ಜಿ ಬೇಕು, ಇಬ್ಬರು ತಜ್ಞರು ಬೇರೆಬೇರೆಯಾಗಿ ಪರೀಕ್ಷಿಸಬೇಕು. ಆ ದಾಖಲಾತಿಗೂ ಮೊದಲಿಗೆ 30 ದಿನಗಳ ಮಿತಿಯಿದೆ. ಮನಸ್ಸಿನ ಕಾಯಿಲೆ ಎಂಬ ಒಂದೇ ಕಾರಣಕ್ಕೆ ಮನುಷ್ಯರನ್ನು ವರ್ಷಗಟ್ಟಲೆ ಕೂಡಿಹಾಕಿದ ಇತಿಹಾಸ ನಮ್ಮದು. ಈ ಹಕ್ಕನ್ನು ಒಂದಿಷ್ಟೂ ಸಡಿಲಿಸಬಾರದು.

ಆದರೆ ಅದೇ ಕಾಯ್ದೆಯ 98ನೇ ಸೆಕ್ಷನ್ನನ್ನು ನಾವು ಮರೆಯುತ್ತಿದ್ದೇವೆ. ಬಿಡುಗಡೆಯಾಗುವ ರೋಗಿಯೊಂದಿಗೆ, ಪ್ರತಿನಿಧಿ ಮತ್ತು ಮನೆಯವರೊಂದಿಗೆ ಮಾತಾಡಿ ಮುಂದಿನ ಚಿಕಿತ್ಸೆಯ ಯೋಜನೆ ಮಾಡಬೇಕೆಂದು ಅದು ಹೇಳುತ್ತದೆ. ಸಲಹೆ ಮೀರಿ ಹೋದವರಿಗೆ ಇದು ಬೇಡ ಎಂದು ಅಲ್ಲೇನೂ ಬರೆದಿಲ್ಲ. ಆಸ್ಪತ್ರೆ ಬಿಟ್ಟ ಮೊದಲ ಕೆಲವು ವಾರಗಳಲ್ಲೇ ಆತ್ಮಹತ್ಯೆಯ ಅಪಾಯ ಹೆಚ್ಚು ಎಂಬುದು ಮನೋವೈದ್ಯರೆಲ್ಲ ಬಲ್ಲ ಸಂಗತಿ. ಅರ್ಧಕ್ಕೇ ಚಿಕಿತ್ಸೆ ಬಿಟ್ಟವರ ಕೈಗೆ ಮಾತ್ರೆಯೂ ಇಲ್ಲ, ಚೀಟಿಯೂ ಇಲ್ಲ ಎಂದರೆ ನಾವು ಅವರ ಮೇಲೆ ಸೇಡು ತೀರಿಸಿಕೊಂಡಂತೆ.

ಮಾಡಬೇಕಾದದ್ದು ದೊಡ್ಡದೇನಲ್ಲ. ಸಹಿಗೆ ಮೊದಲು ಯಾಕೆ ಹೋಗುತ್ತಿದ್ದೀರಿ ಎಂದು ಕೇಳಿ, ಆ ಉತ್ತರವನ್ನೂ ಕೇಸ್‌ಶೀಟಿನಲ್ಲಿ ಬರೆಯಬೇಕು. ಕೆಲವು ದಿನಗಳ ಮಾತ್ರೆ, ಮತ್ತೆ ಬರಬೇಕಾದ ತಾರೀಖು, ಯಾವ ಲಕ್ಷಣ ಕಂಡರೆ ತಡಮಾಡದೆ ಬರಬೇಕು ಎಂಬುದನ್ನು ಕನ್ನಡದಲ್ಲಿ ಬರೆದ ಚೀಟಿ ಕೊಡಬೇಕು. ಹಗಲಿರುಳೂ ಉಚಿತವಾಗಿ ಸಿಗುವ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416 ಆ ಚೀಟಿಯಲ್ಲಿರಲಿ. ರಾಜ್ಯದ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಸಲೆಂದು ಮನೋಚೈತನ್ಯ ಎಂಬ ಮಾನಸಿಕ ಆರೋಗ್ಯ ಕ್ಲಿನಿಕ್‌ಗಳ ಯೋಜನೆ ಇದೆ. ರೋಗಿ ಒಪ್ಪಿದರೆ ಹತ್ತಿರದ ಕ್ಲಿನಿಕ್ಕಿಗೆ ವಿಷಯ ತಿಳಿಸಬೇಕು. ವಾರದೊಳಗೆ ಒಬ್ಬ ನರ್ಸ್ ಅಥವಾ ಸಮಾಜ ಕಾರ್ಯಕರ್ತರು ಫೋನ್ ಮಾಡಿ ಹೇಗಿದ್ದೀರಿ ಎಂದು ವಿಚಾರಿಸಬೇಕು.

ಇನ್ನು ಸರ್ಕಾರದ ಪಾಲು. ರೋಗಿಯ ಜೊತೆ ಕಾಯುವವರ ಕೂಲಿನಷ್ಟಕ್ಕೆ ಒಂದಿಷ್ಟು ಭತ್ಯೆ ಕೊಟ್ಟರೆ ಬರೆದುಕೊಟ್ಟು ಹೋಗುವ ಎಷ್ಟೋ ಕುಟುಂಬಗಳು ಉಳಿದುಕೊಳ್ಳುತ್ತವೆ. ಮತ್ತೂ ಹೊರಟವರಿಗೆ, ಯಾವಾಗ ಬಂದರೂ ಯಾರೂ ಬೈಯುವುದಿಲ್ಲ, ಹಳೆಯ ಸಹಿ ತೋರಿಸಿ ವಾಪಸ್ ಕಳಿಸುವುದಿಲ್ಲ ಎಂಬ ಭರವಸೆಯನ್ನು ಬಾಯಿಬಿಟ್ಟು ಹೇಳಿಯೇ ಕಳಿಸಬೇಕು.