ಮನೆಯೊಳಗಿನ ಸಂಕಟಕ್ಕೆ ಮನೆಗೇ ಬರುವ ನೆರವು ಬೇಕು

ಆಟಿಸಂ ಅಥವಾ ಬೌದ್ಧಿಕ ಅಸಾಮರ್ಥ್ಯ ಇರುವ ಹದಿನೈದರ ಹುಡುಗ ನಡುರಾತ್ರಿ ಎದ್ದು ಗೋಡೆಗೆ ತಲೆ ಚಚ್ಚಿಕೊಳ್ಳತೊಡಗಿದರೆ ಇಂಡಿ ಅಥವಾ ಮುದ್ದೇಬಿಹಾಳ ತಾಲ್ಲೂಕಿನ ಹಳ್ಳಿಯಲ್ಲಿ ಅವನ ತಾಯಿ ಯಾರಿಗೆ ಫೋನ್ ಮಾಡಬೇಕು? 108ಕ್ಕೆ ಕರೆದರೆ ಆಂಬುಲೆನ್ಸ್ ಬಂದೀತು. ಆದರೆ ಸೈರನ್ನು, ಕಣ್ಣು ಕೋರೈಸುವ ದೀಪ, ಗುರುತಿಲ್ಲದವರ ಹಿಡಿತ ಅವನನ್ನು ಮತ್ತಷ್ಟು ಕೆರಳಿಸಬಹುದು. 112ಕ್ಕೆ ಕರೆದರೆ ಪೊಲೀಸರು ಬರುತ್ತಾರೆ. ಬೆಳಗಾಗುವುದರೊಳಗೆ ಆ ಸುದ್ದಿ ಓಣಿಯಲ್ಲೆಲ್ಲ ಹಬ್ಬಿರುತ್ತದೆ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆದರೆ ಕನ್ನಡದಲ್ಲೇ ಸಮಾಧಾನ ಹೇಳುವವರು ಸಿಗುತ್ತಾರೆ, ಅದು ಸಣ್ಣ ಸಂಗತಿಯಲ್ಲ. ಆದರೆ ಮನೆ ಬಾಗಿಲಿಗೆ ಯಾರೂ ಬರುವುದಿಲ್ಲ. ಕೊನೆಗೆ ಉಳಿಯುವುದು ನೆರೆಮನೆಯವರು, ಹಗ್ಗ, ಇಲ್ಲವೇ ಗಾಳಿ ಬಿಡಿಸುವವರು. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಂಥ ತಾಲ್ಲೂಕುಗಳಲ್ಲಿ ಈ ಕುಟುಂಬಗಳಿಗೆ ಇಂದು ಎಲ್ಲಕ್ಕಿಂತ ಮೊದಲು ಬೇಕಾದದ್ದು ಇನ್ನೊಂದು ಶಿಬಿರವಲ್ಲ, ಇನ್ನೊಂದು ಪ್ರಮಾಣಪತ್ರವೂ ಅಲ್ಲ. ಮನೆಗೆ ಬಂದು ಕಲಿಸುವ, ಸಂಕಟದ ದಿನ ಜೊತೆಗೆ ನಿಲ್ಲುವ, ತರಬೇತಿ ಪಡೆದ ಒಬ್ಬ ಮನುಷ್ಯ.

ನಾವು ‘ಹಟ’ ಎಂದೋ ‘ಹುಚ್ಚು’ ಎಂದೋ ಕರೆಯುವ ಈ ಕೆರಳುವಿಕೆಗೆ ಬಹುತೇಕ ಕಾರಣವಿರುತ್ತದೆ. ಮಾತು ಬಾರದ ಮಗುವಿಗೆ ಹಲ್ಲುನೋವು, ಕಿವಿನೋವು, ಮಲಬದ್ಧತೆ, ಮುಟ್ಟಿನ ಹೊಟ್ಟೆನೋವನ್ನು ಹೇಳಿಕೊಳ್ಳಲು ಬೇರೆ ದಾರಿಯಿಲ್ಲ. ಇಂಥ ಮಕ್ಕಳಲ್ಲಿ ಹಲವರಿಗೆ ಮೂರ್ಛೆರೋಗವೂ ಇರುತ್ತದೆ. ಗುಳಿಗೆ ತಪ್ಪಿದರೆ ಫಿಟ್ಸ್ ಮರುಕಳಿಸುತ್ತದೆ. ಈ ಜಿಲ್ಲೆಯ ಸಂಗತಿಯೊಂದನ್ನು ಇಲ್ಲಿ ಸೇರಿಸಲೇಬೇಕು: ಗುಳೆ. ಸುಗ್ಗಿ ಶುರುವಾದೊಡನೆ ಹಳ್ಳಿಗಳಿಂದ, ತಾಂಡಾಗಳಿಂದ ಕುಟುಂಬಗಳು ಕಬ್ಬಿನ ಕಟಾವಿಗೆ ಮಹಾರಾಷ್ಟ್ರದ ಕಡೆ ಹೊರಡುತ್ತವೆ, ಕೂಲಿಗಾಗಿ ಗೋವೆಗೆ ಹೋಗುತ್ತವೆ. ದಿನಚರಿ ಕದಲಿದರೇ ಕಂಗಾಲಾಗುವ ಮಗುವನ್ನು ಮುಪ್ಪಿನ ಅಜ್ಜಿಯ ಬಳಿ ಬಿಡಬೇಕು, ಇಲ್ಲವೇ ಕಬ್ಬಿನ ಹೊಲದ ಪಕ್ಕದ ಗುಡಿಸಲಿಗೆ ಒಯ್ಯಬೇಕು. ಎರಡರಲ್ಲೂ ಗುಳಿಗೆ ತಪ್ಪುತ್ತದೆ, ನಿದ್ದೆ ಕೆಡುತ್ತದೆ, ಗುರುತಿನ ಮುಖಗಳು ಮಾಯವಾಗುತ್ತವೆ. ಆರೈಕೆದಾರರಿಗೆ ಕಲಿಸಬೇಕಾದದ್ದು ಇದನ್ನೇ: ಕೆರಳುವ ಮುನ್ನ ಏನಾಯಿತು, ಆಗ ಮಗು ಏನು ಮಾಡಿತು, ಆಮೇಲೆ ನಾವೇನು ಮಾಡಿದೆವು ಎಂದು ಗಮನಿಸುವುದು, ಚಿತ್ರ ತೋರಿಸಿ, ಕೈಸನ್ನೆ ಮಾಡಿ ‘ನೋವು’, ‘ಸಾಕು’, ‘ನೀರು’ ಎನ್ನಲು ಕಲಿಸುವುದು, ಕೆರಳಿದ ಹೊತ್ತಿನಲ್ಲಿ ಮಾತು ಕಡಿಮೆ ಮಾಡಿ, ಗದ್ದಲ ತಗ್ಗಿಸಿ, ಗಾಯವಾಗುವ ವಸ್ತುಗಳನ್ನು ದೂರ ಸರಿಸಿ ಕಾಯುವುದು. ಕೇಳಲು ಸರಳ. ದಣಿದ ತಾಯಿಗೆ ತನ್ನದೇ ಅಡುಗೆಮನೆಯಲ್ಲಿ, ತನ್ನದೇ ಮಗುವಿನೊಂದಿಗೆ ಮಾಡಿ ತೋರಿಸದೆ ಅದು ಕೈಗೂಡುವುದಿಲ್ಲ. ವಿಜಯಪುರದ ಸಭಾಂಗಣದಲ್ಲಿ ಒಂದು ದಿನ ಭಾಷಣ ಕೇಳಿಸಿ ಕಳಿಸಿದರೆ ಏನೂ ಬದಲಾಗದು.

ಸರ್ಕಾರ ಏನೂ ಮಾಡಿಲ್ಲ ಎನ್ನುವಂತಿಲ್ಲ. 2011ರ ಜನಗಣತಿ ಕರ್ನಾಟಕದಲ್ಲಿ ಬುದ್ಧಿಮಾಂದ್ಯತೆ ಇರುವವರು 93,974 ಎಂದು ಲೆಕ್ಕ ಹಾಕಿತು. ಆ ಗಣತಿಯಲ್ಲಿ ಆಟಿಸಂಗೆ ಪ್ರತ್ಯೇಕ ಕಲಮೇ ಇರಲಿಲ್ಲವಾದ್ದರಿಂದ ನಿಜ ಸಂಖ್ಯೆ ಹೆಚ್ಚೇ ಇರಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಆಟಿಸಂ ಸೇರಿ 21 ಬಗೆಯ ಅಂಗವಿಕಲತೆಗಳನ್ನು ಗುರುತಿಸಿತು. ಅದರ 24ನೇ ಸೆಕ್ಷನ್ ಹೆಚ್ಚಿನ ಬೆಂಬಲ ಬೇಕಾದವರಿಗೆ ಆರೈಕೆದಾರರ ಭತ್ಯೆಯನ್ನೂ ಹೇಳುತ್ತದೆ. 2024-25ರ ರಾಜ್ಯ ಬಜೆಟ್ ತಿಂಗಳಿಗೆ ₹1,000ದ ಭತ್ಯೆ ಘೋಷಿಸಿದಾಗ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಆರೈಕೆದಾರರನ್ನು ಹೆಸರಿಸಿತು. ಆಟಿಸಂ ಮತ್ತು ಬೌದ್ಧಿಕ ಅಸಾಮರ್ಥ್ಯ ಆ ಪಟ್ಟಿಯಲ್ಲಿರಲಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮಾನಸಿಕ ರೋಗಿಗಳನ್ನು ಸರಪಳಿಯಲ್ಲಿ ಕಟ್ಟುವುದನ್ನು ನಿಷೇಧಿಸಿತು, ಆದರೆ ಬುದ್ಧಿಮಾಂದ್ಯತೆಯನ್ನು ಮಾನಸಿಕ ರೋಗದ ವ್ಯಾಖ್ಯೆಯಿಂದ ಹೊರಗಿಟ್ಟಿತು. ವೈದ್ಯಕೀಯವಾಗಿ ಅದು ಸರಿಯೇ. ಆದರೆ ಆರೋಗ್ಯ ಇಲಾಖೆ ‘ಇದು ರೋಗವಲ್ಲ’ ಎಂದು, ವಿಕಲಚೇತನರ ಇಲಾಖೆ ‘ಇದು ಆಸ್ಪತ್ರೆಯ ಕೆಲಸ’ ಎಂದು ಬೆರಳು ತೋರಿಸಲು ಎಡೆಯಾಗುತ್ತದೆ. ನಡುವೆ ನಿಂತವಳು ತಾಯಿ.

ಹೊಸ ಹುದ್ದೆ ಸೃಷ್ಟಿಸುವ ಮಾತು ಸದ್ಯಕ್ಕೆ ಬೇಡ. ಗ್ರಾಮ ಪಂಚಾಯಿತಿಗೊಬ್ಬರಂತೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಜನ ವಿ.ಆರ್.ಡಬ್ಲ್ಯೂ ಎನ್ನುವವರು, ಇದ್ದಾರೆ. ಅವರ ಮೇಲೆ ತಾಲ್ಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು (ಎಂ.ಆರ್.ಡಬ್ಲ್ಯೂ) ಇದ್ದಾರೆ. ಸ್ವತಃ ವಿಕಲಚೇತನರಾದ ಇವರಿಗೆ ಯಾರ ಮನೆಯಲ್ಲಿ ಯಾವ ಮಗುವಿದೆ ಎಂಬುದು ಗೊತ್ತು. ಆದರೆ ಅವರ ದಿನವೆಲ್ಲ ವಿಕಲಚೇತನರ ಗುರುತಿನ (ಯುಡಿಐಡಿ) ಕಾರ್ಡು, ಮಾಸಾಶನದ ಅರ್ಜಿಗಳಲ್ಲೇ ಕಳೆಯುತ್ತದೆ. ಮನೆಗೆ ಹೋಗಿ ಕಲಿಸುವ ಕೆಲಸಕ್ಕೆ ಇವರನ್ನೇ ತರಬೇತುಗೊಳಿಸೋಣ ಎಂದರೆ, ಹತ್ತನೇ ತರಗತಿ ಓದಿದವರು ಆಟಿಸಂನಂಥ ಸೂಕ್ಷ್ಮ ವಿಷಯ ನಿಭಾಯಿಸಬಲ್ಲರೇ ಎಂಬ ಆಕ್ಷೇಪ ಬರುತ್ತದೆ. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ನಡೆದು 2016ರಲ್ಲಿ ಪ್ರಕಟವಾದ ‘ಪಾಸ್’ ಅಧ್ಯಯನ ಇದಕ್ಕೆ ಅರ್ಧ ಉತ್ತರ ಕೊಡುತ್ತದೆ. ತಜ್ಞರಲ್ಲದ ಆರೋಗ್ಯ ಕಾರ್ಯಕರ್ತರು ಆಟಿಸಂ ಇರುವ ಮಕ್ಕಳ ತಂದೆ-ತಾಯಿಗೆ ಆರು ತಿಂಗಳು ತರಬೇತಿ ಕೊಟ್ಟಾಗ ಮಗುವಿಗೆ ಸ್ಪಂದಿಸುವ ಅವರ ರೀತಿ ಸುಧಾರಿಸಿತು, ಮಗು ತಾನಾಗಿ ಸಂವಹನಕ್ಕೆ ಮುಂದಾಗುವುದು ಹೆಚ್ಚಿತು. 65 ಮಕ್ಕಳ ಸಣ್ಣ ಅಧ್ಯಯನವದು. ಸಂಕಟದ ರಾತ್ರಿಗಳನ್ನು ಅದು ಅಳೆಯಲಿಲ್ಲ, ಆ ಕಾರ್ಯಕರ್ತರ ಬೆನ್ನಿಗೆ ನಿರಂತರ ಮಾರ್ಗದರ್ಶನವೂ ಇತ್ತು. ಕೌಶಲವನ್ನು ತಜ್ಞರಿಂದ ಕಾರ್ಯಕರ್ತರಿಗೆ, ಅವರಿಂದ ಮನೆಗೆ ದಾಟಿಸಬಹುದು ಎಂಬುದಂತೂ ಸಾಬೀತಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಆರೈಕೆದಾರರ ತರಬೇತಿ ಕ್ರಮ ಇದೇ ನಂಬಿಕೆಯ ಮೇಲೆ ನಿಂತಿದೆ: ಒಂಬತ್ತು ಗುಂಪು ತರಗತಿ, ಮೂರು ಮನೆ ಭೇಟಿ, ಜೊತೆಗೆ ಆರೈಕೆದಾರರ ಸ್ವಂತ ಮನಸ್ಸಿನ ಆರೈಕೆಯ ಪಾಠ. ಬೆನ್ನಿಗೆ ನಿಲ್ಲುವವರು ತಾಲ್ಲೂಕಿನಲ್ಲೇ ಸಿಗಬೇಕು. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಯಲ್ಲಿ ನೋಡುವ ಮನೋವೈದ್ಯರು ವಾರಕ್ಕೊಂದು ಗಂಟೆ ಈ ಕಾರ್ಯಕರ್ತರ ಪ್ರಕರಣಗಳಿಗೆ ಮೀಸಲಿಟ್ಟರೂ ಶುರುವಿಗೆ ಸಾಕು.

ವಸತಿ ಕೇಂದ್ರ ಕಟ್ಟಿ ಅಲ್ಲಿಟ್ಟು ನೋಡಿಕೊಳ್ಳುವುದೇ ಮೇಲು ಎನ್ನುವವರಿದ್ದಾರೆ. ತಂದೆ-ತಾಯಿ ಇಲ್ಲದವರಿಗೆ ಅದು ಬೇಕು, ನಿಜ. ಆದರೆ ಮನೆಯಲ್ಲಿ ನೆರವು ಸಿಕ್ಕರೆ ಅಲ್ಲಿಗೆ ಹೋಗಬೇಕಾದವರು ಕಡಿಮೆಯಾಗುತ್ತಾರೆ. ಮಗುವನ್ನು ಸಾಕುವುದು ತಾಯಿಯ ಧರ್ಮ, ಅದಕ್ಕೆಂಥ ತರಬೇತಿ ಎಂಬ ಇನ್ನೊಂದು ಮಾತಿದೆ. ಪ್ರೀತಿ ಇದ್ದಮಾತ್ರಕ್ಕೆ ಫಿಟ್ಸ್ ಬಂದಾಗ ಬಾಯಿಗೆ ಏನೂ ತುರುಕಬಾರದು, ಪಕ್ಕಕ್ಕೆ ಹೊರಳಿಸಬೇಕು ಎಂಬ ತಿಳಿವಳಿಕೆ ತಾನಾಗಿ ಬರುವುದಿಲ್ಲ. ಮಗುವನ್ನು ಕಂಬಕ್ಕೆ ಕಟ್ಟಿ ಕೂಲಿಗೆ ಹೋದ ತಾಯಿಯನ್ನು ಕ್ರೂರಿ ಎನ್ನುವ ಮೊದಲು ಅವಳಿಗೆ ಬೇರೆ ಯಾವ ದಾರಿ ಕೊಟ್ಟಿದ್ದೆವು ಎಂದು ಕೇಳಿಕೊಳ್ಳಬೇಕು. ನನಗೆ ಗಂಭೀರವಾಗಿ ಕಾಣುವ ಆಕ್ಷೇಪ ಬೇರೆಯದು: ಗೌರವಧನದ ಮೇಲೆ ದುಡಿಯುವ ಕಾರ್ಯಕರ್ತರ ಹೆಗಲಿಗೆ ಇದನ್ನೂ ಹೊರಿಸುವುದು ಅನ್ಯಾಯ. ಹೌದು, ಪುಕ್ಕಟೆ ಹೊರಿಸಿದರೆ ಅನ್ಯಾಯವೇ. ಭೇಟಿಗೊಂದು ಭತ್ಯೆ, ಪ್ರಯಾಣದ ಖರ್ಚು, ಅರ್ಜಿ ಕೆಲಸದಿಂದ ವಾರಕ್ಕೆ ಎರಡು ದಿನ ಬಿಡುವು ಕೊಟ್ಟ ಮೇಲೆಯೇ ಕೇಳಬೇಕು.

ಹಣ ಎಲ್ಲಿಂದ ಎಂದರೆ ಪಂಚಾಯಿತಿಗಳು ತಮ್ಮ ಅನುದಾನದ ಶೇ 5ರಷ್ಟನ್ನು ವಿಕಲಚೇತನರಿಗಾಗಿ ತೆಗೆದಿಡಬೇಕೆಂಬ ನಿಯಮ ಈಗಾಗಲೇ ಇದೆ. ಜಿಲ್ಲಾ ಪಂಚಾಯಿತಿ ಈ ನಾಲ್ಕು ತಾಲ್ಲೂಕುಗಳಲ್ಲಿ ಈ ಮನೆ ಭೇಟಿಯ ತರಬೇತಿಯನ್ನು ಇದೇ ವರ್ಷ ಆರಂಭಿಸಲಿ, ಗುಳೆ ಹೊರಡುವ ಕುಟುಂಬಗಳ ಮನೆಗೆ ಮೊದಲು ಹೋಗಲಿ. ಆರೈಕೆದಾರರ ಭತ್ಯೆಯ ಪಟ್ಟಿಗೆ ಆಟಿಸಂ ಮತ್ತು ಬೌದ್ಧಿಕ ಅಸಾಮರ್ಥ್ಯವನ್ನು ಸೇರಿಸುವಂತೆ ನಾಲ್ಕೂ ಕ್ಷೇತ್ರಗಳ ಶಾಸಕರು ಸದನದಲ್ಲಿ ಒತ್ತಾಯಿಸಲಿ.