ವೈಶಾಖದ ಹಿತ್ತಲು

ಒಕ್ಕಲುತನದ ಮನೆಗೆ ಕಾಯಿಪಲ್ಲೆ ಸಂತೆಯಿಂದ ಬರುತ್ತದೆಂದರೆ ನಮ್ಮ ಹಿರಿಯರು ನಂಬುತ್ತಿರಲಿಲ್ಲ. ಇಂದು ಕೃಷ್ಣಾತೀರದ ಎಷ್ಟೋ ಊರುಗಳಲ್ಲಿ ಅದೇ ವಾಡಿಕೆಯಾಗಿದೆ. ಎಕರೆಗಟ್ಟಲೆ ಕಬ್ಬು ಬೆಳೆಯುವ ಮನೆಯಲ್ಲಿಯೂ ಹಿಡಿ ಕೊತ್ತಂಬರಿಗಾಗಿ ವಾರದ ಸಂತೆಯ ದಾರಿ ಕಾಯಬೇಕಾಗಿದೆ. ಮನೆಯ ಹಿಂದೆ ಬಚ್ಚಲ ನೀರಿನಿಂದಲೇ ಬೆಳೆಯುತ್ತಿದ್ದ ಬದನೆ, ಹೀರೆ, ಪುಂಡಿಪಲ್ಲೆಗಳ ಜಾಗವನ್ನು ಸಿಮೆಂಟಿನ ನೆಲ ಆಕ್ರಮಿಸಿದೆ. ಹೊಲ ಉಳಿದಿದೆ, ಹಿತ್ತಲು ಹೋಗಿದೆ.

ಇಂಥ ಕಾಲದಲ್ಲಿ ರಾಯಬಾಗ ತಾಲೂಕಿನ ದಿಗ್ಗೇವಾಡಿಯಿಂದ ತಾಯಿಯೊಬ್ಬರು ಬರೆದ ಪತ್ರ ನಮಗೆ ಸಂತೋಷವನ್ನೂ ಚಿಂತೆಯನ್ನೂ ಒಟ್ಟಿಗೇ ತಂದಿತು. ಶಿವರಾತ್ರಿಯ ಮರುವಾರ ಅವರು ಮನೆಯ ಹಿಂದೆ ನಾಲ್ಕು ಮಡಿಗಳನ್ನು ಮಾಡಿ, ಬದುಕಿನಲ್ಲಿ ಮೊದಲ ಬಾರಿಗೆ ಬೀಜ ಊರಿದರಂತೆ. ಚೈತ್ರದಲ್ಲಿ ರಾಜಗಿರಿಯೂ ಮೆಂತ್ಯವೂ ಮನೆಮಂದಿಗೆಲ್ಲ ಸಾಕಾಗುವಷ್ಟು ಬಂದವು. ಈಗ ವೈಶಾಖದ ಬಿಸಿಲಿಗೆ ಟೊಮೆಟೊದ ಹೂವು ಉದುರುತ್ತಿದೆ, ಹೀರೆಯ ಬಳ್ಳಿ ಹೂ ಬಿಡುತ್ತದೆಯೇ ಹೊರತು ಕಾಯಿ ಕಟ್ಟುತ್ತಿಲ್ಲ, ಬೆಂಡೆಯ ಎಲೆ ಹಳದಿಯಾಗಿದೆ. "ಕುಡಿಯಲು ನೀರಿಲ್ಲದ ದಿನಗಳಲ್ಲಿ ಈ ಹವ್ಯಾಸ ಸಾಕು" ಎಂಬುದು ಅತ್ತೆಯವರ ಮಾತು. ಹೊಲಕ್ಕೆ ತಂದ ಔಷಧಿ ಮನೆಯಲ್ಲಿಯೇ ಇದೆ, ಒಮ್ಮೆ ಹೊಡೆದುಬಿಡೋಣ ಎಂಬುದು ಯಜಮಾನರ ಸಲಹೆ. ಕಿತ್ತುಹಾಕಲೋ, ಔಷಧಿ ಹೊಡೆಯಲೋ ಎಂದು ಆ ತಾಯಿ ಕೇಳಿದ್ದಾರೆ.

ಎರಡೂ ಬೇಡ ಎಂಬುದು ನಮ್ಮ ಉತ್ತರ. ಏಕೆಂಬುದನ್ನು ಇಲ್ಲಿ ವಿವರಿಸುತ್ತೇವೆ. ಇಂಥದೇ ಸಂದೇಹ ಇನ್ನೆಷ್ಟೋ ಮನೆಗಳಲ್ಲಿ ಇದ್ದೀತು.

ಬಿಸಿಲು ನಲವತ್ತು ಡಿಗ್ರಿಯ ಸಮೀಪಕ್ಕೆ ಏರುವ ಈ ದಿನಗಳಲ್ಲಿ ಗಿಡವು ಫಲಕ್ಕಿಂತ ಮೊದಲು ತನ್ನ ಪ್ರಾಣವನ್ನು ಕಾಯ್ದುಕೊಳ್ಳುತ್ತದೆ. ಹಗಲಿನ ಉಷ್ಣತೆ ಮೂವತ್ತೈದು ಡಿಗ್ರಿ ದಾಟಿ ರಾತ್ರಿಯೂ ತಂಪಾಗದಿದ್ದರೆ ಟೊಮೆಟೊದ ಪರಾಗ ಕೆಡುತ್ತದೆ, ಹೂವು ಉದುರುತ್ತದೆ. ಇದು ರೋಗವಲ್ಲ. ಗಿಡ ಹಸಿರಾಗಿದ್ದರೆ ಪಡುವಣ ಬದಿಗೆ ಹಳೆಯ ಸೀರೆಯೊಂದನ್ನು ಕಟ್ಟಿ ಇಳಿಹೊತ್ತಿನ ಬಿಸಿಲನ್ನು ತಡೆದರೆ ಸಾಕು. ಹವೆ ತಂಪಾದಾಗ ಅದೇ ಗಿಡ ಮತ್ತೆ ಹೂ ಕಚ್ಚುತ್ತದೆ. ಕೊತ್ತಂಬರಿ ಬೇಗನೆ ತೆನೆಗೆ ಬರುವುದೂ ಈ ತಾಪದಿಂದಲೇ.

ಹೀರೆಯ ಸಂಗತಿ ಬೇರೆ. ಬಳ್ಳಿಯಲ್ಲಿ ಗಂಡುಹೂವು ಮೊದಲು ಬರುತ್ತದೆ, ಹೆಣ್ಣುಹೂವು ಅನಂತರ ಬರುತ್ತದೆ. ಹೂವಿನ ಕೆಳಗೆ ಎಳೆಯ ಕಾಯಿಯ ಆಕಾರ ಕಂಡರೆ ಅದು ಹೆಣ್ಣು. ಹೀರೆಯ ಹೂವು ಅರಳುವುದು ಸಾಯಂಕಾಲ. ಆ ಹೊತ್ತಿನಲ್ಲಿ ಹುಳುಹುಪ್ಪಟೆಗಳ ಸಂಚಾರ ಕಡಿಮೆಯಿದ್ದರೆ ಎಳೆಗಾಯಿ ಹಳದಿಯಾಗಿ ಉದುರುತ್ತದೆ. ಸಂಜೆ ದೀಪ ಹಚ್ಚುವ ಮುನ್ನ ಹಿತ್ತಲಿಗೆ ಹೋಗಿ, ಗಂಡುಹೂವನ್ನು ಕಿತ್ತು ಅದರ ಪರಾಗವನ್ನು ಹೆಣ್ಣುಹೂವಿನ ನಡುವಿಗೆ ಮೆಲ್ಲಗೆ ಸವರಬೇಕು. ಕುಂಬಳಕ್ಕಾದರೆ ಇದೇ ಕೆಲಸವನ್ನು ಬೆಳಗಿನಲ್ಲಿ ಮಾಡಬೇಕು.

ಬೆಂಡೆಯನ್ನು ಮಾತ್ರ ಕಣ್ಣಿಟ್ಟು ನೋಡಬೇಕು. ತಳದ ಹಳೆಯ ಎಲೆಗಳಷ್ಟೇ ಹಳದಿಯಾಗಿದ್ದರೆ ಭಯವಿಲ್ಲ. ಒಂದು ಬೊಗಸೆ ಕಳಿತ ತಿಪ್ಪೆಗೊಬ್ಬರ ಸಾಕು. ಎಳೆಯ ಎಲೆಯ ನರಗಳೇ ಬಲೆಯಂತೆ ಹಳದಿಗಟ್ಟಿದ್ದರೆ ಅದು ಬಿಳಿನೊಣ ಹರಡುವ ನಂಜುರೋಗ. ಅದಕ್ಕೆ ಮದ್ದಿಲ್ಲ. ಅಂಥ ಗಿಡವನ್ನು ಒಡನೆಯೇ ಕಿತ್ತು ಸುಡಬೇಕು. ಒಂದು ಗಿಡವನ್ನು ಬಿಟ್ಟುಕೊಟ್ಟರೆ ಉಳಿದವು ಬದುಕುತ್ತವೆ.

ಇನ್ನು ಅತ್ತೆಯವರ ಮಾತು. ಅದನ್ನು ಹಗುರಾಗಿ ತೆಗೆದುಕೊಳ್ಳಬಾರದು. 2019ರ ಮೇ ತಿಂಗಳಲ್ಲಿ ಈ ಭಾಗದಲ್ಲಿ ಕೃಷ್ಣೆಯ ಒಡಲು ಒಣಗಿ, ಮಹಾರಾಷ್ಟ್ರದ ಕೊಯ್ನಾ ಜಲಾಶಯದಿಂದ ನೀರು ಬಿಡಿಸಿರೆಂದು ಜನ ಮೊರೆಯಿಟ್ಟರು. ಅದೇ ವರ್ಷದ ಆಗಸ್ಟಿನಲ್ಲಿ ಅದೇ ನದಿ ಉಕ್ಕಿ ಊರುಗಳಿಗೆ ನುಗ್ಗಿತು. ಇಂಥ ನೆಲದಲ್ಲಿ ಬಾಳಿದ ಹಿರಿಯರಿಗೆ ಒಂದು ಕೊಡ ನೀರಿನ ಬೆಲೆ ಗೊತ್ತು. ಆದುದರಿಂದ ಕುಡಿಯುವ ನೀರನ್ನು ಹಿತ್ತಲಿಗೆ ಸುರಿಯುವುದು ಸಲ್ಲದು. ಅಕ್ಕಿ ಬೇಳೆ ತೊಳೆದ ನೀರು, ಕಾಯಿಪಲ್ಲೆ ತೊಳೆದ ನೀರು, ಸಾಬೂನು ಹೆಚ್ಚು ಬೆರೆಯದ ಸ್ನಾನದ ನೀರು, ಇಷ್ಟರಿಂದಲೇ ನಾಲ್ಕು ಮಡಿಗಳನ್ನು ಉಳಿಸಿಕೊಳ್ಳಬಹುದು. ದಿನವೂ ನೆಲದ ಮೇಲೆ ಚಿಮುಕಿಸುವುದಕ್ಕಿಂತ ಎರಡು ದಿನಕ್ಕೊಮ್ಮೆ ಬೇರಿಗಿಳಿಯುವಂತೆ ಮುಂಜಾನೆ ಉಣಿಸುವುದು ಲೇಸು. ಹಳೆಯ ಮಣ್ಣಿನ ಗಡಿಗೆಯೊಂದನ್ನು ಕೊರಳವರೆಗೆ ಹೂಳಿ ನೀರು ತುಂಬಿಸಿ ಬಾಯಿ ಮುಚ್ಚಿದರೆ, ಅದು ಒಸರಿ ಸುತ್ತಲಿನ ಗಿಡಗಳ ಬೇರನ್ನು ತಂಪಾಗಿಡುತ್ತದೆ.

ಎಲ್ಲಕ್ಕಿಂತ ಮುಖ್ಯವಾದುದು ನೆಲದ ಹೊದಿಕೆ. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಬಿರಿದು ಬಾಯಿ ತೆರೆಯುತ್ತದೆ. ಆ ಬಿರುಕುಗಳಿಂದಲೇ ತೇವ ಹಾರಿಹೋಗುತ್ತದೆ. ಅದನ್ನು ತಡೆಯುವ ವಸ್ತು ದಿಗ್ಗೇವಾಡಿಯಲ್ಲಿ ದುಡ್ಡಿಲ್ಲದೆ ದೊರೆಯುತ್ತದೆ. ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ರವದಿಗೆ ಬೆಂಕಿಯಿಡುವ ರೂಢಿ ಈ ಭಾಗದಲ್ಲಿದೆ. ಸುಡುವ ಬದಲು ಒಂದು ಹೊರೆ ತಂದು ಮಡಿಗಳ ಮೇಲೆ ನಾಲ್ಕು ಬೆರಳು ದಪ್ಪ ಹಾಸಿದರೆ ನೀರಿನ ಅಗತ್ಯ ಬಹುಮಟ್ಟಿಗೆ ತಗ್ಗುತ್ತದೆ, ಮಳೆಗಾಲದಲ್ಲಿ ಅದೇ ಕಳಿತು ಗೊಬ್ಬರವಾಗುತ್ತದೆ. ಮಣ್ಣಿನ ಮೇಲೆ ಬಿಳಿಯ ಪುಡಿ ಕಂಡರೆ ಅದು ಸವಳಿನ ಗುರುತು. ಅತಿಯಾಗಿ ನೀರುಂಡ ಕಬ್ಬಿನ ಎಷ್ಟೋ ಹೊಲಗಳನ್ನು ಕೆಡಿಸಿದ್ದು ಈ ಸವಳೇ. ಅಂಥ ಮಡಿಯಲ್ಲಿ ಬೀನ್ಸ್ ಏಳುವುದಿಲ್ಲ. ಪಾಲಕ, ಬೀಟರೂಟಗಳು ತಾಳಿಕೊಳ್ಳುತ್ತವೆ.

ಔಷಧಿಯ ವಿಷಯದಲ್ಲಿ ನಮ್ಮ ಮಾತು ಖಂಡಿತವಾದುದು. ಹೊಲದ ವಿಷ ಹಿತ್ತಲಿಗೆ ಬರಕೂಡದು. ಮೋನೋಕ್ರೋಟೋಫಾಸ್ ಎಂಬ ಕೀಟನಾಶಕವನ್ನು ತರಕಾರಿಗಳ ಮೇಲೆ ಬಳಸಬಾರದೆಂದು ಭಾರತ ಸರ್ಕಾರ 2005ರಲ್ಲಿಯೇ ನಿಷೇಧಿಸಿತು. 2013ರ ಜುಲೈ ತಿಂಗಳಲ್ಲಿ ಬಿಹಾರದ ಸಾರನ್ ಜಿಲ್ಲೆಯ ಶಾಲೆಯೊಂದರ ಮಧ್ಯಾಹ್ನದ ಊಟದಲ್ಲಿ ಇದೇ ವಿಷ ಸೇರಿ 23 ಮಕ್ಕಳು ಅಸುನೀಗಿದರು. ವಿಷದ ಡಬ್ಬಿ ಅಡುಗೆಮನೆಯ ಸಮೀಪವಿರಬಾರದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಹೊಲದ ಬೆಳೆ ಮಾರಾಟಕ್ಕೆ ಮುನ್ನ ತಿಂಗಳುಗಟ್ಟಲೆ ನಿಲ್ಲುತ್ತದೆ. ಹಿತ್ತಲಿನ ಬೆಂಡೆ ಇಂದು ಕಿತ್ತರೆ ಇಂದೇ ಮಗುವಿನ ತಾಟಿಗೆ ಬರುತ್ತದೆ. ಯಜಮಾನರು ಮನೆಯವರ ಒಳಿತನ್ನು ಬಯಸಿಯೇ ಹಾಗೆ ಹೇಳಿರಬೇಕು. ಈ ವ್ಯತ್ಯಾಸವನ್ನು ತಿಳಿಸಿದರೆ ಅವರೂ ಒಪ್ಪದಿರರು.

ಅದಕ್ಕೆ ಬದಲಾಗಿ ಬೇವಿನ ಬೀಜದ ಸಿಪ್ಪೆ ತೆಗೆದು, ಐವತ್ತು ಗ್ರಾಂ ತಿರುಳನ್ನು ಕುಟ್ಟಿ ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಯಿಟ್ಟು ಸೋಸಿ, ಚೂರು ಸಾಬೂನು ಕರಗಿಸಿ ಮರುದಿನ ಸಂಜೆ ಎಲೆಗಳ ಅಡಿಭಾಗಕ್ಕೆ ಸಿಂಪಡಿಸಬೇಕು. ಬೇವು ಹಣ್ಣಾಗಿ ಉದುರುವ ಕಾಲ ಬಂದಿದೆ. ಬೀಜವನ್ನು ಆರಿಸಿ ನೆರಳಿನಲ್ಲಿ ಒಣಗಿಸಿಟ್ಟುಕೊಂಡರೆ ವರ್ಷವಿಡೀ ಒದಗುತ್ತದೆ. ಮಡಿಯ ಅಂಚಿಗೆ ಚೆಂಡುಹೂವಿನ ಸಾಲಿದ್ದರೆ ಪೂಜೆಗೂ ಆಯಿತು, ಬೇರುಗಂಟು ಹುಳುವಿನ ಬಾಧೆ ತಗ್ಗಲೂ ನೆರವಾಯಿತು. ಪೂಜೆಗೆಂದು ಕಣಗಿಲೆ ನೆಡುವವರು ಅದರ ಎಲೆ, ಹೂವು, ಕಾಂಡ ಎಲ್ಲವೂ ವಿಷವೆಂಬುದನ್ನು ಮರೆಯದೆ, ಚಿಕ್ಕಮಕ್ಕಳ ಕೈಗೆಟುಕದಂತೆ ದೂರದಲ್ಲಿ ನೆಡಲಿ.

ಮೇ 25ರ ಸುಮಾರಿಗೆ ರೋಹಿಣಿ ಮಳೆ, ಜೂನ್ 8ರ ಸುಮಾರಿಗೆ ಮೃಗಶಿರ ಮಳೆ ಹೂಡುತ್ತವೆ. ಎರೆಮಣ್ಣು ಮಳೆಯಲ್ಲಿ ನೀರು ಹಿಡಿದು ಬೇರನ್ನು ಕೊಳೆಯಿಸುತ್ತದೆ. ಈಗಲೇ ಮಡಿಗಳನ್ನು ಒಂದು ಗೇಣು ಎತ್ತರಿಸಿ, ಗೊಬ್ಬರವನ್ನೂ ಸ್ವಲ್ಪ ಮರಳನ್ನೂ ಬೆರೆಸಿ, ನೀರು ಹರಿದುಹೋಗಲು ಕಾಲುವೆ ತೆಗೆಯಬೇಕು. ಬದನೆ, ಮೆಣಸಿನ ಸಸಿಗೆ ಈಗಲೇ ಕುಂಡದಲ್ಲಿ ಬೀಜ ಚೆಲ್ಲಬಹುದು. ಚವಳಿ, ಬೆಂಡೆ, ಹೀರೆಗಳನ್ನು ಮೊದಲ ಹದಮಳೆಗೆ ಊರಬೇಕು.

ಆ ತಾಯಿ ತಮ್ಮ ಪತ್ರದಲ್ಲಿ ಸೋತೆನೆಂದು ಬರೆದಿದ್ದಾರೆ. ನಮಗೆ ಹಾಗೆ ತೋರುವುದಿಲ್ಲ. ಯಾವ ಗಿಡ ಎಷ್ಟು ಹೊತ್ತಿಗೆ ಬಾಡುತ್ತದೆ, ಯಾವುದು ಸಂಜೆಗೆ ಮತ್ತೆ ಚೇತರಿಸಿಕೊಳ್ಳುತ್ತದೆ ಎಂಬುದನ್ನು ಅವರು ಸ್ಪಷ್ಟವಾಗಿ ತಿಳಿಸಿದ್ದಾರೆ. ಮೂರು ತಿಂಗಳ ಹಿಂದೆ ಬೀಜ ಎಷ್ಟು ಆಳಕ್ಕೆ ಊರಬೇಕೆಂದು ಅರಿಯದಿದ್ದವರು ಇಂದು ಹಿತ್ತಲಿನ ನಾಡಿ ಹಿಡಿಯಬಲ್ಲವರಾಗಿದ್ದಾರೆ. ಬೇಸಿಗೆಯ ಕೊನೆಯಲ್ಲಿ ಮೊದಲ ಹಿತ್ತಲು ಕೊಡುವ ಫಲ ಇದೇ. ಬುಟ್ಟಿ ತುಂಬುವುದು ಮಳೆಗಾಲದಲ್ಲಿ. ಫಲ ಕಾಣದ ದಿನಗಳಲ್ಲಿಯೂ ನಿಲ್ಲದೆ ನಡೆಯುವ ದುಡಿಮೆಗೇ ಶರಣರು ಕಾಯಕವೆಂದರು.

ಶ್ರಾವಣದಲ್ಲಿ ಬಳ್ಳಿ ತುಂಬಾ ಕಾಯಿ ಬಂದಾಗ ಮೊದಲ ಹೀರೆಕಾಯಿಯ ಪಲ್ಲೆಯನ್ನು ಅತ್ತೆಯವರಿಗೆ ಬಡಿಸಲಿ, ಮಿಕ್ಕುದರಲ್ಲಿ ಒಂದು ಪಾಲು ನೆರೆಮನೆಗೆ ಹೋಗಲಿ. ನೀರಿನ ಮಾತನ್ನು ಎಚ್ಚರಿಕೆಯಿಂದ ಹೇಳಿದ ಆ ಹಿರಿಯರೇ ಮುಂದಿನ ಬೇಸಿಗೆಯಲ್ಲಿ ಅಕ್ಕಿ ತೊಳೆದ ನೀರನ್ನು ಹಿತ್ತಲಿಗೆ ಒಯ್ಯುವರೆಂಬ ಭರವಸೆ ನಮಗಿದೆ. ಶರಣು.